ಬಿಸಿಗಾಳಿಯ ಪಾಲು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಹೇಳಲು ಹೊರಟಿರುವುದು ಬಟ್ಟೆ ಒಣಗಿಸುವ ಯಂತ್ರದ ಪೈಪಿನ ಕಥೆ. ದೊಡ್ಡ ದೊಡ್ಡ ಕಥೆಗಳನ್ನು ಕೇಳಿ ಬೆಳೆದ ಕಿವಿಗಳ ಮುಂದೆ ಪೈಪಿನ ಕಥೆ ಇಡುವುದು ಅಧಿಕಪ್ರಸಂಗ ಅನ್ನಿಸಬಹುದು. ಆದರೆ ಒಂದು ಮನೆ ಸುಟ್ಟು ಬೂದಿಯಾಗಬೇಕಾಗಿದ್ದದ್ದು ಆ ಪೈಪಿನಿಂದ, ಒಬ್ಬ ಮಗ ತನ್ನ ತಾಯಿಯನ್ನು ಕಳೆದುಕೊಳ್ಳುತ್ತೇನೆಂದು ಹೆದರಿದ್ದೂ ಆ ಪೈಪಿನಿಂದ. ಅದನ್ನು ಬಿಟ್ಟು ಹೇಳೋಣವೆಂದರೆ ದಾರಿಯೇ ಕಾಣಲಿಲ್ಲ. ತಪ್ಪಿದ್ದಲ್ಲಿ ತಿಳಿದವರು ತಿದ್ದಿಕೊಳ್ಳಬೇಕು.

ಆ ಊರಿನಲ್ಲಿ ಬಿಸಿಲು ಶ್ರೀಮಂತ ನೆಂಟರ ಹಾಗೆ. ಬರುತ್ತೇನೆ ಅನ್ನುತ್ತದೆ, ಬರುವುದಿಲ್ಲ. ಬಂದರೂ ಅಂಗಿಯ ಕಾಲರು ಒಣಗುವ ಮೊದಲೇ ಹೊರಟು ನಿಲ್ಲುತ್ತದೆ. ಹಾಗಾಗಿ ಅಲ್ಲಿ ಮನೆಮನೆಯಲ್ಲೂ ವಾಷಿಂಗ್ ಮಷಿನ್ನಿನ ಪಕ್ಕದಲ್ಲಿ ಡ್ರೈಯರ್ ಇರುತ್ತದೆ. ಒಂದು ಒಗೆಯುತ್ತದೆ, ಇನ್ನೊಂದು ಬಿಸಿಗಾಳಿಯಲ್ಲಿ ತಿರುವಿ ಒಣಗಿಸುತ್ತದೆ. ಒಣಗಿಸುವಾಗ ಹುಟ್ಟುವ ಹಸಿ ಬಿಸಿಗಾಳಿ ಒಂದು ಪೈಪಿನಲ್ಲಿ ಹೊರಗೆ ಹೋಗುತ್ತದೆ. ಕನ್ನಡಕದವನ ಮನೆಯಲ್ಲೂ ಹಾಗೆಯೇ ಇತ್ತು, ಅವನೂ ಅವನ ಅಣ್ಣನೂ ಪಾಲಾಗುವವರೆಗೆ.

ಅಣ್ಣನದು ಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ. ತಮ್ಮನದು ಅದರ ಎದುರಿಗೇ ಕನ್ನಡಕದ ಅಂಗಡಿ. ಇಬ್ಬರೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನೂ ಸಹಿಸದವರು, ಕೆಲಸವೇ ಅಂಥದ್ದು. ಪಾಲಾದದ್ದು ಯಾಕೆ ಎಂದು ಕೇಳಿದರೆ ಅಣ್ಣ ಒಂದು ಹೇಳುತ್ತಾನೆ, ತಮ್ಮ ಇನ್ನೊಂದು ಹೇಳುತ್ತಾನೆ, ಎರಡನ್ನೂ ಕೇಳಿದವರು ಇಷ್ಟಕ್ಕಾ ಅನ್ನುತ್ತಾರೆ. ಏನೇ ಇರಲಿ, ಒಂದು ರಜಾದಿನ ತಮ್ಮ ದಾರದ ಒಂದು ತುದಿ ಹಿಡಿದ, ಅಣ್ಣ ಇನ್ನೊಂದು ತುದಿ ಹಿಡಿದ, ಮನೆಯ ನಟ್ಟನಡುವೆ ಸೀಮೆಸುಣ್ಣದ ಗೆರೆ ಬಿತ್ತು. ಊಟದ ಮೇಜಿನ ಮೇಲೆ ಗೆರೆ ಹಾದದ್ದರಿಂದ ಮೇಜನ್ನು ಕೊಯ್ದರು. ಎರಡೆರಡು ಕಾಲಿನ ಎರಡು ಮೇಜುಗಳು ಕುಡಿದವರಂತೆ ಗೋಡೆಗೆ ಒರಗಿ ನಿಂತವು.

ಗರಗಸದ ಸದ್ದು ಕೇಳಿ ತಾಯಿ ತನ್ನ ಕೋಣೆಯಿಂದ ಹೊರಗೆ ಬಂದಳು.

"ಮುಂದಿನ ಸರದಿ ನಂದಾ?" ಅಂದಳು. "ಎಲ್ಲಿಂದ ಕೊಯ್ತೀರಿ ಹೇಳಿ, ಸೀರೆನಾದ್ರೂ ಸರಿ ಮಾಡ್ಕೋತೀನಿ."

ಇಬ್ಬರೂ ಗರಗಸ ಕೆಳಗಿಟ್ಟು ಹಲಗೆ ಎತ್ತಿಕೊಂಡರು. ಗೆರೆಯ ಮೇಲೆ ಪ್ಲೈವುಡ್ ಗೋಡೆ ಎದ್ದಿತು. ತಾಯಿಯ ಮಂಚ ಹಳೇ ಕಾಲದ ಮರದ್ದು. ತಮ್ಮನ ಕಡೆಯ ಹೊಸ ಬಾಗಿಲಲ್ಲಿ ನೆಟ್ಟಗೂ ಹಿಡಿಯಲಿಲ್ಲ, ಅಡ್ಡಕ್ಕೂ ಹಿಡಿಯಲಿಲ್ಲ. ಹೀಗಾಗಿ ತಾಯಿ ಅಣ್ಣನ ಪಾಲಾದಳು. ನ್ಯಾಯ ಹೇಳಿದ್ದು ಮಂಚ.

ಕನ್ನಡಕದವನಿಗೆ ಅದು ಮುಳ್ಳಾಗಿ ಚುಚ್ಚಿತು. ಅರ್ಧ ಮೇಜಿಗೆ ಅವನು ಅಳಲಿಲ್ಲ, ಅರ್ಧ ನಡುಮನೆಗೆ ಅಳಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೊರಡುವಾಗ "ಮಫ್ಲರ್ ಹಾಕ್ಕೊಂಡ್ಯೇನೋ?" ಅನ್ನುವ ದನಿ ಪ್ಲೈವುಡ್ಡಿನ ಆ ಕಡೆಯಿಂದ, ಅದೂ ಅಣ್ಣನಿಗೆ, ಕೇಳಿದಾಗ ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ನಿಂತುಬಿಡುತ್ತಿದ್ದ. ಮಫ್ಲರ್ ಇದ್ದರೂ ಬಿಚ್ಚಿಟ್ಟು ಹೋಗುತ್ತಿದ್ದ.

ಇನ್ನು ಯಂತ್ರಗಳ ವಿಷಯ. ಹಿಂದಿನ ಕೋಣೆಯಲ್ಲಿ ಗೆರೆ ಎರಡು ಯಂತ್ರಗಳ ಸಂದಿಯಲ್ಲೇ ಹಾದಿತ್ತು. ವಾಷಿಂಗ್ ಮಷಿನ್ ಅಣ್ಣನಿಗೆ, ಡ್ರೈಯರ್ ತಮ್ಮನಿಗೆ. ಒಗೆಯುವುದು ಒಬ್ಬನಿಗೆ, ಒಣಗಿಸುವುದು ಒಬ್ಬನಿಗೆ. ಇನ್ನೊಂದು ಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಕೊಂಡರೆ ಸೋತ ಹಾಗೆ. ಅದಕ್ಕೆ ಪ್ಲೈವುಡ್ಡಿನಲ್ಲಿ ಒಂದು ಕಿಂಡಿ ಕೊರೆದರು. ಒಬ್ಬ ವಾರಗಿತ್ತಿ ಎರಡೂ ಮನೆಯ ಬಟ್ಟೆ ಒಗೆದು ಒದ್ದೆಯಾಗಿ ಈ ಕಡೆ ತಳ್ಳುವುದು, ಇನ್ನೊಬ್ಬಳು ಒಣಗಿಸಿ ಆ ಕಡೆ ತಳ್ಳುವುದು. ಮಾತಿಲ್ಲ, ಕತೆಯಿಲ್ಲ. ಕೋಪ ಬಂದ ದಿನ ಕಾಲುಚೀಲಗಳು ಒಳಗು ಹೊರಗಾಗಿ ಬರುತ್ತಿದ್ದವು. ಅದಕ್ಕೆ ಉತ್ತರವಾಗಿ ಅಂಗಿಗಳು ಮಡಿಸದೆ ಉಂಡೆಯಾಗಿ ಹೋಗುತ್ತಿದ್ದವು.

ತೊಡಕು ಇದ್ದದ್ದು ತೂತಿನಲ್ಲಿ. ಡ್ರೈಯರಿನ ಪೈಪು ಹೊರಗೆ ಹೋಗುತ್ತಿದ್ದ ತೂತು ವಾಷಿಂಗ್ ಮಷಿನ್ನಿನ ಹಿಂದಿನ ಗೋಡೆಯಲ್ಲಿತ್ತು. ಆ ಗೋಡೆ ಅಣ್ಣನದು. ಅಣ್ಣ ತೂತಿಗೆ ಹಳೇ ಅಂಗಿ ತುರುಕಿ, ಅದರ ಮೇಲೊಂದು ಗೋಡೆ ಗಡಿಯಾರ ನೇತುಹಾಕಿದ.

"ಗೋಡೆ ನಂದು ಅಂದ್ಮೇಲೆ ತೂತೂ ನಂದೇ," ಎಂದು ಕಿಂಡಿಯ ಕಡೆ ಮುಖ ಮಾಡಿ, ಯಾರಿಗೂ ಹೇಳದವನಂತೆ ಹೇಳಿದ. "ಬೇಕಾದವರು ಬಾಯಿಬಿಟ್ಟು ಕೇಳ್ಲಿ. ಇಲ್ಲ ಅನ್ನೋನಲ್ಲ ನಾನು."

"ಇವನ ಹತ್ರ ಒಂದು ತೂತು ಬೇಡ್ಕೊಂಡು ಬಾಳ್ಬೇಕಾ?" ಎಂದ ಕನ್ನಡಕದವನು ಹೆಂಡತಿಗೆ, ಅಷ್ಟೇ ಗಟ್ಟಿಯಾಗಿ. ಮರುದಿನ ಪೈಪಿನವನನ್ನು ಕರೆಸಿದ.

ಕನ್ನಡಕದವನ ಪಾಲಿನಲ್ಲಿ ಬೀದಿಯ ಗಾಳಿ ಕಾಣುವ ಗೋಡೆ ಅಂದರೆ ಮುಂಬಾಗಿಲಿನದು ಒಂದೇ. ಒಂದು ಮಗ್ಗುಲಲ್ಲಿ ಅಣ್ಣ, ಇನ್ನೊಂದು ಮಗ್ಗುಲಲ್ಲಿ ಪಕ್ಕದ ಮನೆ, ಹಿಂದೆ ಅಣ್ಣನ ಪಾಲಿಗೆ ಬಂದ ಹಿತ್ತಲು. ಡ್ರೈಯರ್ ಇರುವುದು ಹಿಂದೆ, ಬಾಗಿಲು ಮುಂದೆ.

"ಇಷ್ಟು ದೂರ ಗಾಳಿ ಹೋಗುತ್ತೇನಪ್ಪಾ?" ಎಂದು ಕೇಳಿದಳು ಕನ್ನಡಕದವನ ಹೆಂಡತಿ. ಅವಳು ಶಾಲೆಯ ಬಸ್ಸು ಓಡಿಸುವವಳು, ಯಂತ್ರದ ಮಾತಿಗೆ ಬೇಗ ತಲೆಯಾಡಿಸುವವಳಲ್ಲ.

"ಗಾಳಿಗೇನು ಕಾಲು ನೋಯುತ್ತಾ ಅಮ್ಮಾ?" ಎಂದ ಪೈಪಿನವನು. "ಊರೆಲ್ಲಾ ಸುತ್ತಿಸ್ಕೊಡ್ತೀನಿ, ನೋಡ್ತಿರಿ."

ಸುತ್ತಿಸಿಯೂ ಕೊಟ್ಟ. ಬೆಳ್ಳಿ ಹಾಳೆಯಂತೆ ಹೊಳೆಯುವ, ಹಿಗ್ಗಿ ಕುಗ್ಗುವ ಮೆತ್ತನೆಯ ಪೈಪು. ಹಿಂದಿನ ಕೋಣೆಯಿಂದ ಹೊರಟು, ಬೀರುವಿನ ನೆತ್ತಿಯ ಮೇಲೆ ಹತ್ತಿ, ಮಲಗುವ ಕೋಣೆಯ ಮೂಲೆಯಲ್ಲಿ ತಿರುಗಿ, ಅಡುಗೆಮನೆಯ ಪಾತ್ರೆ ಹಲಗೆಯ ಕೆಳಗೆ ನುಸುಳಿ, ನಡುಮನೆಯ ಚಾವಣಿಯಲ್ಲಿ ಕೊಕ್ಕೆಯಿಂದ ಕೊಕ್ಕೆಗೆ ಜೋತುಬಿದ್ದು, ಕೊನೆಗೆ ಮುಂಬಾಗಿಲ ಮೇಲೆ ಹೊರಗೆ ಇಣುಕಿತು. ಕೀಲುಕೀಲಿಗೂ ಉದ್ದುದ್ದ ಸ್ಕ್ರೂ ಹಾಕಿದ. ಹಕ್ಕಿ ಗೂಡು ಕಟ್ಟಬಾರದೆಂದು ತುದಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿದ. ನಡುಮನೆಯಲ್ಲಿ ಪೈಪು ಮೇಕೆ ನುಂಗಿದ ಹೆಬ್ಬಾವಿನ ಹಾಗೆ ತೂಗುತ್ತಿತ್ತು. ಮನೆಗೆ ಬಂದವರು ಬಾಗಿಲು ತಟ್ಟಿ ನಿಂತರೆ ನೆತ್ತಿಯ ಮೇಲೆ ಬಿಸಿ ಉಸಿರು ಬೀಳುತ್ತಿತ್ತು. ಅಂಚೆಯವನು ಒಳಗೆ ಯಾರೋ ದೊಡ್ಡ ಪ್ರಾಣಿ ಸಾಕಿದ್ದಾರೆಂದು ತಿಳಿದು ಕಾಗದಗಳನ್ನು ಗೇಟಿನಾಚೆಯಿಂದಲೇ ಎಸೆಯತೊಡಗಿದ.

ಗುಡ್ಡ ಅಗೆದು ಇಲಿ ಹಿಡಿದರು ಎಂದು ಹೆಂಡತಿ ನಕ್ಕಳು. ಆದರೆ ಸಿಕ್ಕಿದ್ದು ಇಲಿಯಲ್ಲ. ಡ್ರೈಯರ್ ಓಡಿದ ಮೊದಲನೆಯ ದಿನವೇ ಮುಂಬಾಗಿಲು ತೆರೆದುಕೊಂಡು ತಾಯಿ ಒಳಗೆ ಬಂದಳು.

"ಅದೇನೋ ನಿನ್ನ ಕಡೆ ಬೆಚ್ಚಗಿದೆಯಂತೆ?"

ನಡುಮನೆಯಲ್ಲಿ ಪೈಪು ಎಲ್ಲಕ್ಕಿಂತ ಕೆಳಗೆ ಜೋತುಬಿದ್ದಿದ್ದ ಕಡೆ ಕುರ್ಚಿ ಎಳೆದುಕೊಂಡು ಕೂತಳು. ಕೈಯೆತ್ತಿ ಪೈಪನ್ನು ಮುಟ್ಟಿದಳು. "ಆಹಾ, ಮಂಡಿಗೆ ಹಿತವಾಗಿದೆ," ಅಂದಳು. ಮಂಡಿ ಕೆಳಗಿತ್ತು, ಪೈಪು ಮೇಲಿತ್ತು. ಕನ್ನಡಕದವನು ಅದನ್ನು ವಿಚಾರಿಸಲು ಹೋಗಲಿಲ್ಲ. ಯಂತ್ರ ನಿಂತಿತು, ಪೈಪು ತಣ್ಣಗಾಯಿತು, ತಾಯಿ ಎದ್ದು ಅಣ್ಣನ ಮನೆಗೆ ಹೋದಳು.

ಅಷ್ಟು ಸಾಕಾಯಿತು ಅವನಿಗೆ. ಯಂತ್ರ ಓಡಿದರೆ ತಾಯಿ ಬರುತ್ತಾಳೆ.

ಅವತ್ತಿನಿಂದ ಕನ್ನಡಕದವನ ಮನೆಯಲ್ಲಿ ಬಟ್ಟೆಗಳಿಗೆ ಬಿಡುವಿಲ್ಲದಂತಾಯಿತು. ಒಣಗಿದ್ದನ್ನು ಮತ್ತೆ ಒಣಗಿಸಿದ. ತಾಯಿ ನಡುಮನೆಯಲ್ಲಿ ಕೂತು ತನ್ನ ಕಾಲದ ಸುದ್ದಿ ಹೇಳುವುದು, ಅವನು ಎದುರಿಗೆ ಕೂತು ಕನ್ನಡಕದ ಕಡ್ಡಿ ತಿದ್ದುವುದು. ಹೆಂಡತಿಯ ಉಣ್ಣೆಯ ಅಂಗಿ ಬೊಂಬೆಗೆ ತೊಡಿಸುವಷ್ಟು ಕುಗ್ಗಿತು. ಹಾಸಿಗೆಯ ಹೊದಿಕೆಗಳು ಹಪ್ಪಳದ ಹಾಗೆ ಸದ್ದು ಮಾಡತೊಡಗಿದವು.

"ರೀ, ಒಣಗಿರೋ ಟವೆಲ್ಲನ್ನ ಯಾಕ್ರೀ ಒಣಗಿಸ್ತೀರಿ?"

"ಒಳಗೊಳಗೇ ತೇವ ಇರುತ್ತೆ ಕಣೇ, ನಿಂಗೆ ಕಾಣಲ್ಲ."

ಅಣ್ಣನೇನು ದಡ್ಡನಲ್ಲ. ಅಮ್ಮ ಯಾವ ಹೊತ್ತಿಗೆ ಎದ್ದು ಹೋಗುತ್ತಾಳೆಂದು ಗಮನಿಸಿದ. ಕಿಂಡಿಯಲ್ಲಿ ಒದ್ದೆ ಬಟ್ಟೆ ಹೋದ ಸ್ವಲ್ಪ ಹೊತ್ತಿಗೆ. ಮೂಗು ಒತ್ತಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂದುಕೊಂಡು ವಾಷಿಂಗ್ ಮಷಿನ್ನಿನ ಪ್ಲಗ್ಗನ್ನೇ ಕಿತ್ತ. ಒಗೆತ ಬಂದ್. ಎರಡೂ ಮನೆಯಲ್ಲಿ ಕೊಳೆ ಬಟ್ಟೆಯ ಗುಡ್ಡ ಬೆಳೆಯಿತು. ಪೇಟೆಯಲ್ಲಿ ಗಿರಾಕಿಗಳು ಗಡಿಯಾರದ ಅಂಗಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತು, ಟೈಮ್ ಕೇಳಿ, ಎದುರಂಗಡಿಯ ಕಡೆ ತಿರುಗಿ ಉಸಿರು ಬಿಡುತ್ತಿದ್ದರು. ಅಲ್ಲೂ ಅದೇ ವಾಸನೆ.

ಕನ್ನಡಕದವನು ಸೋಲಲಿಲ್ಲ. ಸ್ವಚ್ಛವಾಗಿದ್ದ ಪರದೆಗಳನ್ನೇ ಬಕೆಟ್ಟಿನಲ್ಲಿ ಅದ್ದಿ ಡ್ರೈಯರಿಗೆ ಹಾಕಿದ. ತಾಯಿ ಬಂದಳು. ಕೂತಳು.

"ಇವತ್ತಂತೂ ಚೆನ್ನಾಗಿ ಕಾದಿದೆ ಕಣೋ," ಅಂದಳು.

ಕಾದಿತ್ತು ನಿಜ. ಹಿಂದಿನ ವಾರಕ್ಕಿಂತ ಹೆಚ್ಚಾಗಿ ಕಾದಿತ್ತು. ಪರದೆಗಳು ಮಾತ್ರ ಎಷ್ಟು ತಿರುಗಿದರೂ ಹಸಿ ಹಸಿಯಾಗಿಯೇ ಹೊರಗೆ ಬಂದವು. ಮನೆಯ ಕಿಟಕಿಗಳೆಲ್ಲ ಬೆವರುತ್ತಿದ್ದವು. ಕೆಲಸದಿಂದ ಬಂದ ಹೆಂಡತಿ ಹೊಸ್ತಿಲಲ್ಲೇ ನಿಂತು ಮೂಗರಳಿಸಿದಳು.

"ಏನೋ ಸುಟ್ಟ ವಾಸನೆ."

"ಪಕ್ಕದ ಮನೇದು."

ಅವಳು ಸ್ಟೂಲು ತಂದು ಬಾಗಿಲ ಹೊರಗೆ ಹಾಕಿ, ಹತ್ತಿ, ಪೈಪಿನ ತುದಿಗೆ ಅಂಗೈ ಹಿಡಿದಳು. ಯಂತ್ರ ಒಳಗೆ ಗುಡುಗುಡು ಅನ್ನುತ್ತಿತ್ತು. ಅಂಗೈಗೆ ಏನೂ ತಾಕಲಿಲ್ಲ. ಜಾಲರಿಯ ಮೇಲೆ ಬೂದು ಬಣ್ಣದ ಕಂಬಳಿಯಂಥದ್ದು ಬೆಳೆದಿತ್ತು. ಅವಳು ಇಳಿದವಳೇ ಒಳಗೆ ಹೋಗಿ ಡ್ರೈಯರ್ ಆರಿಸಿದಳು, ಅಡುಗೆಮನೆಯ ಕತ್ತರಿ ತಂದಳು.

"ಅತ್ತೆ, ಸ್ವಲ್ಪ ಆ ಕಡೆ ಸರೀರಿ."

"ಅಯ್ಯೋ, ಬೆಚ್ಚಗಿತ್ತಲ್ಲೇ!"

"ಬೆಚ್ಚಗಿದ್ದದ್ದೇ ತಪ್ಪು ಅತ್ತೆ. ಎದ್ದೇಳಿ."

ಪೈಪಿನ ಹೊಟ್ಟೆಗೆ ಕತ್ತರಿ ಹಾಕಿದ್ದೇ ತಡ, ಬಟ್ಟೆಗಳು ಉದುರಿಸಿದ ಜುಂಗು, ನೂಲಿನ ಹೊಟ್ಟು, ದಪದಪ ಬಿತ್ತು. ಪದರ ಪದರವಾಗಿ, ದಿಂಬಿನಷ್ಟು ದಿಂಬಿನಷ್ಟು. ತಾಯಿಯ ಕುರ್ಚಿ ಕಾಣದಂತೆ ಮುಚ್ಚಿಹೋಯಿತು. ಸ್ಕ್ರೂ ಇದ್ದ ಕಡೆಯೆಲ್ಲ ಜುಂಗು ಜಡೆಗಟ್ಟಿತ್ತು. ಯಂತ್ರದ ಹತ್ತಿರದ ತುಂಡು ಬಿಚ್ಚಿದಾಗ ಸಿಕ್ಕಿದ ಜುಂಗು ಬೂದುಬಣ್ಣದ್ದಲ್ಲ, ಸೀದು ಕಂದಾಗಿತ್ತು. ಮುಟ್ಟಿದರೆ ಪುಡಿಯಾಗುತ್ತಿತ್ತು.

ಹೆಂಡತಿ ಆ ಕಂದು ಪುಡಿಯನ್ನು ಗಂಡನ ಅಂಗೈಗೆ ಹಾಕಿದಳು.

"ಬಸ್ಸಿನ ಸೈಲೆನ್ಸರಿಗೆ ಚಿಂದಿ ತುರುಕಿ ಓಡಿಸಿದ್ರೆ ಏನಾಗುತ್ತೆ ಹೇಳಿ? ಇದೂ ಅಷ್ಟೇ. ಉಸಿರು ಹೊರಗೆ ಹೋಗ್ಬೇಕು. ಸಾಧ್ಯವಾದಷ್ಟು ಹತ್ರದ ದಾರೀಲಿ, ನೆಟ್ಟಗೆ. ನೀವು ಮನೆಯೆಲ್ಲಾ ಮೆರವಣಿಗೆ ಮಾಡ್ಸಿದ್ರಿ. ಜುಂಗು ಅಂದ್ರೆ ಹತ್ತಿ ರೀ, ಒಂದು ಕಿಡಿ ಸಾಕು."

ಅಷ್ಟು ಹೊತ್ತಿಗೆ, ಹೇಳಿಕಳಿಸಿದ್ದ ಪೈಪಿನವನೂ ಬಂದ. ನೋಡಿ ತಲೆ ಕೆರೆದುಕೊಂಡ. "ಇನ್ನೊಂದು ಸುತ್ತು ಜಾಸ್ತಿ ಕೊಟ್ಟು ಮಧ್ಯ ಒಂದು ಫ್ಯಾನ್ ಇಟ್ರೆ..." ಎನ್ನುವಷ್ಟರಲ್ಲಿ ಹೆಂಡತಿ ಕತ್ತರಿ ಎತ್ತಿದಳು, ಅವನು ಮಾತು ನುಂಗಿದ.

ಕಿಂಡಿಯಿಂದ ಅಣ್ಣನ ದನಿ ಬಂತು. "ಆ ಜುಂಗಿನಲ್ಲಿ ನಮ್ಮ ಬಟ್ಟೇದೂ ಇದೆ. ಅರ್ಧ ನಮ್ಮ ಕಡೆಗೆ ಬರ್ಬೇಕು."

"ತಗೊಳ್ಳಿ ಭಾವ," ಎಂದು ಹೆಂಡತಿ ಒಂದು ಬುಟ್ಟಿ ತುಂಬಿ ಕಿಂಡಿಯಲ್ಲಿ ತಳ್ಳಿದಳು. ಆ ಕಡೆ ಬಹಳ ಹೊತ್ತು ಸೀನುವ ಸದ್ದು ಕೇಳಿಸಿತು.

ಕನ್ನಡಕದವನು ಇದಾವುದನ್ನೂ ನೋಡುತ್ತಿರಲಿಲ್ಲ. ಅಂಗೈಯಲ್ಲಿದ್ದ ಕಂದು ಪುಡಿಯನ್ನು ನೋಡಿದ. ಆಮೇಲೆ ಕುರ್ಚಿಯನ್ನು ನೋಡಿದ. ಮಾಡಬೇಕಾದದ್ದು ಏನೆಂದು ಅವನಿಗೆ ಗೊತ್ತಿತ್ತು. ಅಣ್ಣನ ಗೋಡೆಯ ತೂತಿಗೆ ಒಂದು ಮಾರುದ್ದದ ಪೈಪು, ಅಷ್ಟೇ. ಅದು ಹಾಕಿದ ದಿನದಿಂದ ಈ ನಡುಮನೆ ತಣ್ಣಗಾಗುತ್ತದೆ. ತಣ್ಣಗಿನ ನಡುಮನೆಗೆ ತಾಯಿ ಯಾಕೆ ಬರುತ್ತಾಳೆ? ಬೇರೆ ದಾರಿ ಇದೆಯೇ ಎಂದು ಯೋಚಿಸಿದ. ಪೈಪನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆದರೆ? ತಾಯಿಯನ್ನು ಸ್ವಲ್ಪ ದೂರ ಕೂರಿಸಿದರೆ? ಬಿಸಿನೀರಿನ ಚೀಲ ಕೊಟ್ಟರೆ? ಬಿಸಿನೀರಿನ ಚೀಲ ಅಣ್ಣನ ಮನೆಯಲ್ಲೂ ಇರುತ್ತದೆ.

ಕೊನೆಗೆ ಎದ್ದು, ಬಾಗಿಲು ದಾಟಿ, ಪಕ್ಕದ ಬಾಗಿಲು ತಟ್ಟಿದ. ಪಾಲಾದ ಮೇಲೆ ಅದೇ ಮೊದಲು.

ಅಣ್ಣನೇ ತೆರೆದ. ಮೀಸೆಯ ಮೇಲೆ ಜುಂಗು ಕೂತಿತ್ತು.

"ಏನು?"

"ತೂತು ಬೇಕಾಗಿತ್ತು."

"ಏನು ಬೇಕಾಗಿತ್ತು?"

"ಕೇಳಿಸ್ತಲ್ಲ."

"ಕೇಳಿಸ್ತು. ಇನ್ನೊಂದ್ಸಲ ಕೇಳಿಸ್ಲಿ ಅಂತ."

"ತೂತು ಬೇಕು ಅಣ್ಣ. ಕೊಡು."

ಅಣ್ಣನ ಮುಖ ಅರಳಿತು. ಎಷ್ಟೋ ದಿನದಿಂದ ಆ ಮಾತಿಗೆ ಜಾಗ ಗುಡಿಸಿಟ್ಟುಕೊಂಡು ಕಾದಿದ್ದನಲ್ಲ. "ಕೊಡ್ತೀನಪ್ಪ, ಇಲ್ಲ ಅನ್ನೋನಲ್ಲ. ಆದ್ರೆ ಯೋಚನೆ ಮಾಡಿದ್ಯಾ? ನಿನ್ನ ಬಿಸಿಗಾಳಿ ಎಲ್ಲಾ ಹೊರಗೆ ಹೋಗುತ್ತೆ. ಅಮ್ಮ ಮತ್ತೆ ನಿನ್ನ ಕಡೆ ಸುಳಿಯಲ್ಲ."

"ಗೊತ್ತು."

"ಗೊತ್ತಿದ್ದೂ ಕೇಳ್ತೀಯಾ?"

ಕನ್ನಡಕದವನು ಮುಷ್ಟಿ ಬಿಡಿಸಿ ಕಂದು ಪುಡಿ ತೋರಿಸಿದ. "ಅಮ್ಮ ಕೂರೋದು ಆ ಪೈಪಿನ ಕೆಳಗೇ ಅಣ್ಣ. ಇದು ಹೊತ್ಕೊಂಡಿದ್ರೆ ಬೆಂಕಿ ಅವಳ ತಲೆ ಮೇಲೇ ಬೀಳ್ತಿತ್ತು."

ಅಣ್ಣ ಆ ಪುಡಿಯನ್ನು ನೋಡಿದ. ಚಿಟಿಕೆ ತೆಗೆದುಕೊಂಡು ಮೂಸಿದ. ಗೆದ್ದವನ ಮಾತು ಇನ್ನೂ ಒಂದೆರಡು ಬಾಯಲ್ಲಿ ಇದ್ದಿರಬೇಕು, ಆಡಲಿಲ್ಲ. ಹಿಂದಿನ ಕೋಣೆಗೆ ಹೋಗಿ ಗಡಿಯಾರ ಇಳಿಸಿದ, ಹಳೇ ಅಂಗಿಯನ್ನು ತೂತಿನಿಂದ ಎಳೆದು ತೆಗೆದ. ಅದು ಚಿಕ್ಕಂದಿನಲ್ಲಿ ತಮ್ಮನದೇ ಆಗಿದ್ದ ಅಂಗಿ ಎಂದು ಕೆಲವರು ಹೇಳುತ್ತಾರೆ. ಅಲ್ಲ, ಅಣ್ಣನದೇ; ತೋಳಿನ ಮೇಲೆ ಗಡಿಯಾರದ ಎಣ್ಣೆಯ ಕಲೆ ಇತ್ತು.

ಹೊಸ ಪೈಪು ಬಂತು. ಒಳಗೆ ನುಣ್ಣಗಿರುವ ಗಟ್ಟಿ ತಗಡಿನದು, ಪ್ಲೈವುಡ್ಡಿನಿಂದ ತೂತಿಗೆ ನೇರವಾಗಿ, ಒಂದೂ ಬಳುಕಿಲ್ಲದೆ. ಹೆಂಡತಿ ಎದುರಿಗೆ ನಿಂತು ಮಾಡಿಸಿದಳು. ಕೀಲಿಗೆ ಸ್ಕ್ರೂ ಬೇಡ, ತಗಡಿನ ಟೇಪು ಸುತ್ತು. ಹೊರಗಿನ ಬಾಯಿಗೆ ಜಾಲರಿ ಬೇಡ, ಗಾಳಿ ಬಂದಾಗ ತೆರೆದು, ಗಾಳಿ ನಿಂತಾಗ ಮುಚ್ಚುವ ರೆಪ್ಪೆ ಹಾಕು. "ಇಷ್ಟು ಗಿಡ್ಡ ಪೈಪಿಗೆ ನನ್ನನ್ನ ಯಾಕೆ ಕರೆಸ್ಬೇಕಿತ್ತು?" ಎಂದು ಪೈಪಿನವನು ಮುಖ ಸಿಂಡರಿಸಿಕೊಂಡು ಹೋದ. ಅಣ್ಣ ಪ್ಲಗ್ಗು ಚುಚ್ಚಿದ, ಕೊಳೆಯ ಗುಡ್ಡ ಕರಗಿತು. ಪರದೆಗಳು ಹೆಂಡತಿ ಊಟ ಮುಗಿಸುವಷ್ಟರಲ್ಲಿ ಒಣಗಿ ಹಗುರವಾಗಿ ಹೊರಗೆ ಬಂದವು. ಪ್ರತಿಸಲ ಬಟ್ಟೆ ತೆಗೆದ ಮೇಲೆ ಯಂತ್ರದೊಳಗಿನ ಜುಂಗಿನ ಜರಡಿಯನ್ನು ಕನ್ನಡಕದವನೇ ತೆಗೆದು ಒರೆಸತೊಡಗಿದ, ಗಿರಾಕಿಯ ಕನ್ನಡಕ ಒರೆಸುವಷ್ಟು ಜೋಪಾನವಾಗಿ.

ತಾಯಿ ಬರಲಿಲ್ಲ.

ಯಂತ್ರ ಓಡಿತು, ನಿಂತಿತು. ನಡುಮನೆಯ ಕುರ್ಚಿ ಖಾಲಿ. ಮರುದಿನವೂ ಹಾಗೆಯೇ. ಕನ್ನಡಕದವನು ಕುರ್ಚಿಯ ಎದುರಿಗೆ ಕೂತು ಕಡ್ಡಿ ತಿದ್ದಿದ. ಒಂದು ಕಿವಿಗೆ ಎತ್ತರ, ಇನ್ನೊಂದು ಕಿವಿಗೆ ತಗ್ಗು ಆಯಿತು. ಅಣ್ಣನ ಮನೆಯಲ್ಲಿ ನಗುವಿರಬೇಕೆಂದು ಪ್ಲೈವುಡ್ಡಿಗೆ ಕಿವಿ ಕೊಟ್ಟ. ನಗು ಕೇಳಲಿಲ್ಲ, ಅಣ್ಣನ ಕೂಗು ಕೇಳಿತು.

"ಅಮ್ಮಾ! ಒಳಗೆ ಬಾರಮ್ಮಾ, ಚಳಿ!"

ಓಡಿ ಹೋಗಿ ನೋಡಿದ. ಹಿತ್ತಲಲ್ಲಿ, ಹೊರಗೋಡೆಯ ರೆಪ್ಪೆಯ ಪಕ್ಕದಲ್ಲಿ, ತಾಯಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ಡ್ರೈಯರಿನ ಉಸಿರು ಬಿಳಿ ಆವಿಯಾಗಿ ಅವಳ ಭುಜ ಸವರಿ ಹೋಗುತ್ತಿತ್ತು. ಶಾಲಿನ ಅಂಚು ಹಸಿಯಾಗಿತ್ತು. ಹಿತ್ತಲು ಅಣ್ಣನದು. ಗಾಳಿ ತಮ್ಮನದು.

"ನೋಡಿದ್ಯಾ, ನನ್ನ ಜಾಗದಲ್ಲೇ ಕೂತಿದಾಳೆ," ಎಂದ ಅಣ್ಣ.

"ಜಾಗಕ್ಕೆ ಬಂದಿದ್ರೆ ಯಂತ್ರ ನಿಂತಾಗ್ಲೂ ಇಲ್ಲೇ ಕೂರ್ತಿದ್ಲು. ನನ್ನ ಗಾಳಿಗೆ ಬಂದಿದಾಳೆ."

"ನನ್ನ ತೂತು ಇಲ್ದಿದ್ರೆ ನಿನ್ನ ಗಾಳಿ ಎಲ್ಲಿತ್ತೋ?"

"ನನ್ನ ಗಾಳಿ ಇಲ್ದಿದ್ರೆ ನಿನ್ನ ತೂತಿಗೆ ಯಾರೋ ಬರ್ತಿದ್ರು?"

ತಾಯಿ ಕಣ್ಣು ಮುಚ್ಚಿಕೊಂಡಳು. ಇಬ್ಬರೂ ಬಹಳ ದಿನಗಳ ನಂತರ ಎದುರೆದುರು ನಿಂತು, ಬಾಯಿ ತುಂಬ ಜಗಳ ಆಡಿದರು. ಆಮೇಲೆ ಅಣ್ಣ ಹಲಗೆ, ತಗಡು ತಂದ. ಅಮ್ಮನಿಗೆ ಚಳಿಯಾಗದಂತೆ ರೆಪ್ಪೆಯ ಸುತ್ತ ಒಂದು ಗೂಡು ಕಟ್ಟೋಣವೆಂದು ತಮ್ಮನೇ ಮೊಳೆ ಹಿಡಿದ. ಒಂದು ಮಾತಿಗೆ ಇಬ್ಬರೂ ಒಪ್ಪಿದ್ದು ಅದೇ ಮೊದಲು, ಅದೂ ತಪ್ಪು ಮಾತಿಗೆ. ಹೆಂಡತಿ ಓಡಿ ಬಂದು ಸುತ್ತಿಗೆ ಕಿತ್ತುಕೊಂಡಳು.

"ಉಸಿರು ಬಯಲಿಗೆ ಹೋಗ್ಬೇಕು ಅಂತ ಬಡ್ಕೊಂಡಿದ್ದು ಯಾಕೆ? ಮತ್ತೆ ಗೂಡು ಕಟ್ಟಿ ಜುಂಗು ತುಂಬಿಸ್ತೀರಾ? ಅತ್ತೆ, ನೀವಾದ್ರೂ ಹೇಳಿ!"

ತಾಯಿ ಶಾಲು ಕೊಡವಿಕೊಂಡು ಎದ್ದಳು. ಸ್ಟೂಲನ್ನು ಒಂದು ಗೇಣು ಪಕ್ಕಕ್ಕೆ ಸರಿಸಿಕೊಂಡಳು, ರೆಪ್ಪೆಗೆ ಅಡ್ಡವಾಗದಂತೆ.

ಈಗಲೂ ಯಂತ್ರ ಓಡುವಾಗ ಅವಳು ಅಲ್ಲೇ ಕೂರುತ್ತಾಳೆ. ಅಂಗಡಿ ಮುಚ್ಚಿದ ದಿನಗಳಲ್ಲಿ ಒಂದು ಪಕ್ಕ ಗಡಿಯಾರದವನು, ಒಂದು ಪಕ್ಕ ಕನ್ನಡಕದವನು ನಿಂತು, ಗಾಳಿ ಯಾರದು, ಜಾಗ ಯಾರದು ಎಂಬ ವ್ಯಾಜ್ಯ ಮುಂದುವರಿಸುತ್ತಾರೆ. ಪ್ಲೈವುಡ್ ಗೋಡೆ ಹಾಗೇ ಇದೆ. ಅಲ್ಲಿಗೆ ಯಾಕೆ ಬರುತ್ತೀಯಮ್ಮಾ ಎಂದು ಕೇಳಿದ್ದಕ್ಕೆ ದೊಡ್ಡ ಮಗನ ಹತ್ತಿರ ಮಂಡಿನೋವು ಅಂದಿದ್ದಾಳೆ. ಚಿಕ್ಕ ಸೊಸೆಯ ಹತ್ತಿರ, ಆ ಗಾಳಿಯಲ್ಲಿ ಒಗೆದ ಬಟ್ಟೆಯ ವಾಸನೆ ಬರುತ್ತದೆ ಅಂದಿದ್ದಾಳೆ. ಅಂಚೆಯವನ ಹತ್ತಿರ, ಯಂತ್ರದ ಸದ್ದಿನಲ್ಲಿ ಇಬ್ಬರ ಮಾತೂ ಕೇಳಿಸುವುದಿಲ್ಲ ಅಂದಿದ್ದಾಳೆ. ಚಿಕ್ಕ ಮಗ ಇನ್ನೂ ಕೇಳಿಲ್ಲ. ಮೂರರಲ್ಲಿ ಯಾವುದು ನಿಜ, ಅಥವಾ ಅವನಿಗಾಗಿ ನಾಲ್ಕನೆಯದೊಂದು ಇದೆಯೇ ಎಂಬುದು, ಇದನ್ನು ಹೇಳಿದವರಿಗೂ ಗೊತ್ತಿಲ್ಲ.